ಮರು ಆಲಿಕೆ

ಡಾ. ಸರ್ವಮಂಗಳಾ ಮುದೇನೂರ ಅವರಿಗೆ ಪತ್ರ ಬಂದದ್ದು ಒಂದು ಬುಧವಾರ, ಹೊರರೋಗಿ ವಿಭಾಗದಲ್ಲಿ ಎಪ್ಪತ್ತೆರಡನೆಯ ಚೀಟಿಯವರನ್ನು ನೋಡುತ್ತಿದ್ದಾಗ. ಮೇಜಿನ ಮೇಲಿದ್ದ ಪರದೆಯ ಅಂಚಿನಲ್ಲಿ ಹಳದಿ ಪಟ್ಟಿಯೊಂದು ಮೂಡಿ ನಿಂತಿತು. ಅವರು ಅದನ್ನು ನೋಡಿದರು. ಎದುರಿಗೆ ಕುಳಿತಿದ್ದ ಮುದುಕನ ರಕ್ತದೊತ್ತಡ ಬರೆದುಕೊಂಡರು, ಗುಳಿಗೆ ಬರೆದುಕೊಟ್ಟು ಕಳಿಸಿದರು. ಆಮೇಲೆ ಪಟ್ಟಿಯನ್ನು ಒತ್ತಿದರು.

ಪತ್ರದಲ್ಲಿ ನಾಲ್ಕೇ ಸಾಲುಗಳಿದ್ದವು. ಹನ್ನೊಂದು ವರ್ಷಗಳ ಹಿಂದೆ, ಮಾರ್ಚ್ ಹದಿನಾಲ್ಕರಂದು, ತಾವು ಪರೀಕ್ಷಿಸಿದ ಹುಲಿಗೆಮ್ಮ ತಳವಾರ, ಆಗಿನ ವಯಸ್ಸು ಇಪ್ಪತ್ನಾಲ್ಕು. ಇವರಿಗೆ ಪೋರ್ಫೈರಿಯಾ ಎಂಬ ವಿರಳ ಕಾಯಿಲೆ ಇದ್ದಿರುವ ಸಾಧ್ಯತೆ ನೂರಕ್ಕೆ ತೊಂಬತ್ತೊಂದು. ಆಲಿಕೆಯ ಅವಧಿ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ರೋಗಿ ಬದುಕಿದ್ದಾರೆ.

ಇಂಥ ಪತ್ರ ಬಂದ ವೈದ್ಯರೆಲ್ಲ ಮೊದಲು ಓದುತ್ತಿದ್ದದ್ದು ಕೊನೆಯ ಸಾಲನ್ನು. ಸರ್ವಮಂಗಳಾ ಅವರೂ ಅದನ್ನೇ ಮೊದಲು ಓದಿದರು. ನಂತರ ಎಪ್ಪತ್ಮೂರನೆಯ ಚೀಟಿಯವರನ್ನು ಕರೆದರು.

ಪತ್ರಗಳು ಬರತೊಡಗಿ ಆಗ ಎರಡು ವರ್ಷವಾಗಿತ್ತು. ಅದಕ್ಕೂ ಹನ್ನೆರಡು ವರ್ಷ ಮೊದಲು, ವೈದ್ಯರ ಮೇಲಿನ ಹಲ್ಲೆಗಳು ಹೆಚ್ಚಾದಾಗ, ಪ್ರತಿ ತಪಾಸಣಾ ಕೋಣೆಯಲ್ಲೂ ಧ್ವನಿಮುದ್ರಕ ಇರಬೇಕೆಂದು ಸರ್ಕಾರ ಕಾನೂನು ಮಾಡಿತ್ತು. ಮುದ್ರಣಗಳನ್ನು ಯಾರೂ ಕೇಳುತ್ತಿರಲಿಲ್ಲ. ಅವು ಧಾರವಾಡದ ಒಂದು ಕಟ್ಟಡದಲ್ಲಿ ಕೋಟಿಗಟ್ಟಲೆ ಬಿದ್ದಿದ್ದವು. ಕೊನೆಗೆ ಯಾರೋ ಸಂಶೋಧಕರಿಗೆ ಒಂದು ಯೋಚನೆ ಹೊಳೆಯಿತು. ವಿರಳ ಕಾಯಿಲೆಯೆಂದು ಇಂದು ಖಚಿತವಾಗಿರುವ ರೋಗಿಗಳು, ಅದು ಖಚಿತವಾಗುವ ಐದಾರು ವರ್ಷ ಮೊದಲು, ಬೇರೆ ಬೇರೆ ವೈದ್ಯರ ಮುಂದೆ ಏನು ಹೇಳಿದ್ದರು? ಆ ಮುದ್ರಣಗಳನ್ನಷ್ಟೇ ಒಂದು ಯಂತ್ರಕ್ಕೆ ಕೇಳಿಸಿದರು. ಪಠ್ಯಪುಸ್ತಕದ ಒಂದು ಪುಟವನ್ನೂ ಕೊಡಲಿಲ್ಲ. ಯಂತ್ರ ಕಲಿತದ್ದು ಬರೀ ರೋಗಿಗಳ ಮಾತು. ಅದು ಕಂಡುಕೊಂಡ ಸಂಗತಿ ಸರಳವಾಗಿತ್ತು: ಕಾಯಿಲೆಯ ಗುಟ್ಟು ಬಿಟ್ಟುಕೊಡುವ ಮಾತನ್ನು ಹತ್ತರಲ್ಲಿ ಏಳು ಮಂದಿ ಹೇಳಿದ್ದರು. ಹೆಚ್ಚಿನವರು ಹೇಳಿದ್ದು ಕುರ್ಚಿಯಿಂದ ಎದ್ದ ಮೇಲೆ, ಬಾಗಿಲ ಬಳಿ ನಿಂತು.

ಅಂದಿನಿಂದ ಯಂತ್ರ ಹಳೆಯ ಮುದ್ರಣಗಳನ್ನೆಲ್ಲ ಹಿಂದಿನಿಂದ ಕೇಳುತ್ತ ಬರುತ್ತಿತ್ತು. ಅದಕ್ಕೆ ಮರು ಆಲಿಕೆ ಎಂದು ಹೆಸರಾಯಿತು. ಏನಾದರೂ ಸಿಕ್ಕರೆ ವೈದ್ಯರಿಗೆ ಪತ್ರ. ಪತ್ರಕ್ಕೆ ಎರಡು ಉತ್ತರಗಳಿದ್ದವು. 'ಓದಿದ್ದೇನೆ' ಎಂದು ಒತ್ತಿದರೆ ಕೇಂದ್ರದವರೇ ರೋಗಿಗೆ ತಿಳಿಸುತ್ತಿದ್ದರು, ವೈದ್ಯರ ಹೆಸರು ಹೊರಬೀಳುತ್ತಿರಲಿಲ್ಲ. ವೈದ್ಯರ ಸಂಘ ಕೋರ್ಟಿಗೆ ಹೋಗಿ ಪಡೆದ ರಕ್ಷಣೆ ಅದು. 'ನಾನೇ ತಿಳಿಸುತ್ತೇನೆ' ಎಂಬುದು ಇನ್ನೊಂದು ಉತ್ತರ. ಅದನ್ನು ಒತ್ತಿದವರು ನೂರಕ್ಕೆ ಮೂರು ಮಂದಿ ಇದ್ದರೆ ಹೆಚ್ಚು.

ಅಂದು ಮನೆಗೆ ಬಂದು ಸರ್ವಮಂಗಳಾ ಗಂಡನಿಗೆ ಪತ್ರದ ವಿಷಯ ಹೇಳಿದರು. ಶಂಭುಲಿಂಗಪ್ಪ ನಿವೃತ್ತ ಡ್ರಾಯಿಂಗ್ ಮಾಸ್ತರರು. ಬದನೆಕಾಯಿ ಹೆಚ್ಚುತ್ತ ಕುಳಿತಿದ್ದವರು ಈಳಿಗೆಯನ್ನು ಪಕ್ಕಕ್ಕಿಟ್ಟರು.

"ನಿನಗ ಆಕೀ ನೆನಪ ಅದಾಳೇನು?"

"ಇಲ್ಲ. ದಿನಾ ನೂರಾ ಇಪ್ಪತ್ತು ಮಂದೀನ್ನ ನೋಡ್ತೀನ್ರಿ. ಹೆಂಗ ನೆನಪಿರತೈತಿ?"

"ಮತ್ತ ಮನಸ್ಸಿಗೆ ಯಾಕ ಹಚ್ಚಿಕೊಂತಿ? ಲಕ್ಷಕ್ಕ ಒಬ್ಬರಿಗೆ ಬರೋ ರೋಗ. ಯಾರಿದ್ರೂ ತಪ್ಪತಿದ್ರು."

ಗಂಡ ಹೇಳಿದ್ದು ಬೇರೆ ಯಾವ ಕಾಯಿಲೆಯಾಗಿದ್ದರೂ ನಿಜವಾಗುತ್ತಿತ್ತು. ಪೋರ್ಫೈರಿಯಾ ಮಾತ್ರ ಸರ್ವಮಂಗಳಾ ಅವರದೇ ಪಾಠವಾಗಿತ್ತು. ಬಿಳಿಗುಡ್ಡದ ವೈದ್ಯಕೀಯ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಅವರು ಆ ಪಾಠ ಮಾಡಿದ್ದರು. ರಕ್ತಕ್ಕೆ ಕೆಂಪು ಕೊಡುವ ವಸ್ತುವನ್ನು ದೇಹ ತಯಾರಿಸುವಾಗ ನಡುವಿನ ಒಂದು ಹಂತ ಕುಂಟುತ್ತದೆ, ಅರ್ಧಂಬರ್ಧ ತಯಾರಾದದ್ದು ಒಳಗೇ ಸೇರಿ ನರಗಳನ್ನು ಸುಡುತ್ತದೆ, ಉಪವಾಸದಿಂದ ಕೆರಳುತ್ತದೆ, ಕೆಲವು ಔಷಧಿಗಳಿಂದ ಇನ್ನಷ್ಟು ಕೆರಳುತ್ತದೆ. ಈ ಪಾಠಕ್ಕೆ ಬೇರೆ ತರಗತಿಯ ಹುಡುಗ ಹುಡುಗಿಯರೂ ಬಂದು ಹಿಂದೆ ನಿಲ್ಲುತ್ತಿದ್ದರು. ಹೊರಗಿನ ಆಸ್ಪತ್ರೆಗಳು ನಡೆಸುವ ವಿರಳ ಕಾಯಿಲೆಗಳ ಜಾಗೃತಿ ಸಭೆಗಳಿಗೂ ಅವರಿಗೇ ಆಮಂತ್ರಣ. ಹುಲಿಗೆಮ್ಮ ಬಂದು ಹೋದ ಆ ಮಾರ್ಚ್ ತಿಂಗಳಲ್ಲೇ ಅವರು ಆ ಪಾಠವನ್ನು ಎರಡು ಕಡೆ ಮಾಡಿದ್ದರು. ಹಳೆಯ ಡೈರಿ ತೆಗೆದು ನೋಡಿದಾಗ ಅದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವರು ಎರಡನೆಯ ಉತ್ತರವನ್ನು ಒತ್ತಿದರು.

ಮುದ್ರಣವನ್ನು ಕೇಂದ್ರದಲ್ಲಿ ಕುಳಿತೇ ಕೇಳಬೇಕೆಂಬ ನಿಯಮವಿತ್ತು. ಧಾರವಾಡದ ಆ ಕಟ್ಟಡದಲ್ಲಿ ಕಿಟಕಿಗಳು ಕಡಿಮೆ, ತಂಪು ಜಾಸ್ತಿ. ಉದ್ದನೆಯ ಕೋಣೆಯಲ್ಲಿ ಮೂವತ್ತು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಯಂತ್ರ ಆರಿಸಿಕೊಟ್ಟದ್ದನ್ನು ಮನುಷ್ಯರು ಇನ್ನೊಮ್ಮೆ ಕೇಳಿ ಒಪ್ಪಿದರೆ ಮಾತ್ರ ಪತ್ರ ಹೊರಡುತ್ತಿತ್ತು. ಈ ಪತ್ರವನ್ನು ಒಪ್ಪಿದವರು ರೇಷ್ಮಾ ಬಾಗವಾನ. ಹದಿನೆಂಟು ವರ್ಷ ನರ್ಸ್ ಆಗಿದ್ದು, ಬೆನ್ನುನೋವಿನಿಂದ ವಾರ್ಡಿನ ಕೆಲಸ ಬಿಟ್ಟು ಇಲ್ಲಿ ಸೇರಿದವರು.

"ಮೇಡಂ, ಒಂದು ಸಲ ಕೇಳಿದ್ರ ಮತ್ತ ಕೇಳಿಲ್ಲ ಅನ್ನಾಕ ಬರಂಗಿಲ್ಲ," ಎಂದರು ರೇಷ್ಮಾ. "ಭಾಳ ಮಂದಿ ಇಲ್ಲಿತನಕಾ ಬಂದು, ಚಹಾ ಕುಡದು, ಹಂಗ ಹೋಗ್ಯಾರ. ನಾವೇನೂ ಅನ್ನಂಗಿಲ್ಲ."

"ಹಚ್ಚರಿ," ಎಂದರು ಸರ್ವಮಂಗಳಾ.

ಮೊದಲು ಕೇಳಿಸಿದ್ದು ಫ್ಯಾನಿನ ಸದ್ದು. ಆಮೇಲೆ ಅವರದೇ ಧ್ವನಿ, ಈಗಿನದಕ್ಕಿಂತ ತುಸು ಗಟ್ಟಿ.

"ಏನಾಗೈತಿ?"

"ಹೊಟ್ಟಿ ಬ್ಯಾನಿರಿ ಡಾಕ್ಟ್ರ. ನಾಕು ದಿನಾ ಆತು. ಮೊದಲ ಇಲ್ಲೆ ಸುರುವಾಗಿ—"

"ಎಷ್ಟು ದಿನಾ?"

"ನಾಕು ದಿನಾರಿ."

ರೇಷ್ಮಾ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ವೈದ್ಯರು ನಡುವೆ ಬಾಯಿ ಹಾಕಿದಾಗ ರೋಗಿ ಮಾತು ಶುರುಮಾಡಿ ಒಂಬತ್ತು ಸೆಕೆಂಡು ಆಗಿತ್ತು.

"ಮಲಕ್ಕೊ. ಇಲ್ಲೆ ನೋವ? ಇಲ್ಲೆ?"

"ಎಲ್ಲಾ ಕಡೆ ಐತ್ರಿ. ಒತ್ತಿದ್ರ ಹೆಚ್ಚಾಗಂಗಿಲ್ರಿ. ಒಳಗಿಂದೊಳಗ ಹಿಂಡಿದಂಗ—"

"ಸ್ಕ್ಯಾನ್ ಸರಿ ಐತಿ. ಒತ್ತಿದ್ರ ನೋವಿಲ್ಲ ಅಂತಿ. ಏನ್ ಕೆಲಸ ಮಾಡ್ತಿ?"

"ಬಸ್ ಕಂಡಕ್ಟರ್ ಅದೀನ್ರಿ. ಡ್ಯೂಟಿಗೆ ಹೋಗಾಕ ಆಗವಲ್ದು. ಒಂದು ಸರ್ಟಿಫಿಕೇಟ್ ಕೊಟ್ರ—"

ಇಲ್ಲಿ ಕೀಲಿಮಣೆಯ ಸದ್ದು ಕೇಳಿಸಿತು.

"ದೇವಿ ಅಮ್ಮನ ಹೆಸರಿಗೆ ಪ್ರತಿ ಮಂಗಳವಾರ ಒಪ್ಪತ್ತು ಮಾಡ್ತೀನ್ರಿ. ಬ್ಯಾನಿ ಹೋಗಲಿ ಅಂತ ಈ ನಾಕೂ ದಿನಾ ಉಪಾಸ—"

"ಉಪಾಸ ಮಾಡಿದ್ರ ಗ್ಯಾಸ್ ಆಗತೈತಿ. ಗುಳಿಗಿ ಬರದೀನಿ, ಮೂರು ದಿನಾ ತಗೋ."

ಕುರ್ಚಿ ಸರಿದ ಸದ್ದು. ಚಪ್ಪಲಿಯ ಸದ್ದು. ಅದು ನಿಂತಿತು.

"ಡಾಕ್ಟ್ರ, ಇನ್ನೊಂದು... ಹೇಳಾಕ ನಾಚಿಕಿ ಬರತೈತಿ. ಒಂದಕ್ಕ ಹೋಗಿದ್ದು ಬಿಸಲಾಗ ಹಂಗ ಉಳದ್ರ ಕೆಂಪಗಾಗತೈತ್ರಿ. ದಾಸವಾಳ ಕುದಿಸಿದ ನೀರಿನ ಗತೆ."

"ನೀರು ಜಾಸ್ತಿ ಕುಡಿ. ಹೂಂ, ಮುಂದಿನವರು ಬರ್ರಿ."

ಮುದ್ರಣ ಮುಗಿಯಿತು. ಸರ್ವಮಂಗಳಾ ತಮ್ಮ ಪಾಠದಲ್ಲಿ ತೋರಿಸುತ್ತಿದ್ದ ಚಿತ್ರ ಒಂದೇ. ಎರಡು ಬಾಟಲಿಯಲ್ಲಿ ಒಬ್ಬನೇ ರೋಗಿಯ ಮೂತ್ರ. ನೆರಳಲ್ಲಿಟ್ಟದ್ದು ತಿಳಿಹಳದಿ, ಬಿಸಿಲಲ್ಲಿಟ್ಟದ್ದು ಕೆಂಪು. ಆ ಚಿತ್ರ ಬಂದಾಗ ತರಗತಿಯಲ್ಲಿ ಒಂದು ಉದ್ಗಾರ ಏಳುತ್ತಿತ್ತು. ಅದಕ್ಕಾಗಿ ಅವರು ಪ್ರತಿ ವರ್ಷ ಕಾಯುತ್ತಿದ್ದರು.

"ಆಕಿ ಅಷ್ಟು ಬಿಡಿಸಿ ಹೇಳ್ಯಾಳ," ಎಂದರು ಕೊನೆಗೆ.

"ಹೌದ್ರಿ. ಇಷ್ಟು ಸ್ಪಷ್ಟ ಹೇಳಿದವರು ಕಡಿಮಿ." ರೇಷ್ಮಾ ಹಳೆಯ ಕಡತ ತೆರೆದರು. "ನೀವು ಆವಾಗ ಬರದದ್ದನ್ನೂ ನೋಡಬೇಕ್ರಿ. ನಿಯಮ ಐತಿ."

ಟಿಪ್ಪಣಿಯಲ್ಲಿ ಎರಡು ಪದ ಇದ್ದವು, ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. 'ಸೋಗು? ರಜೆಗಾಗಿ.'

ಆ ಚಿಹ್ನೆ ಉಳಿದದ್ದು ಎರಡು ತಿಂಗಳು ಮಾತ್ರ. ಮೇ ತಿಂಗಳಲ್ಲಿ ಇನ್ನೊಂದು ಆಸ್ಪತ್ರೆಯ ವೈದ್ಯರು ಅದೇ ಕಡತ ತೆರೆದು, 'ಹಿಂದೆಯೂ ಸೋಗು, ರಜೆಗಾಗಿ' ಎಂದು ಬರೆದಿದ್ದರು. ಮೂರನೆಯವರು 'ಸೋಗಿನ ಇತಿಹಾಸ ಇದೆ' ಎಂದರು. ಹೀಗೆ ಏಳು ಆಸ್ಪತ್ರೆ, ಏಳು ವೈದ್ಯರು. ರೇಷ್ಮಾ ಆ ಮುದ್ರಣಗಳ ತುಣುಕುಗಳನ್ನೂ ಕೇಳಿಸಿದರು. ಪ್ರತಿ ಸಲವೂ ಹುಲಿಗೆಮ್ಮನ ಮಾತು ಕಡಿಮೆಯಾಗುತ್ತ ಬಂದಿತ್ತು. ನಾಲ್ಕನೆಯ ವೈದ್ಯರ ಧ್ವನಿ ಕೇಳಿ ಸರ್ವಮಂಗಳಾ ಗುರುತು ಹಿಡಿದರು. ಅವರ ವಿದ್ಯಾರ್ಥಿಯೇ ಆಗಿದ್ದ ಗುರುಪಾದ ಅಂಗಡಿ. ಪೋರ್ಫೈರಿಯಾ ಪಾಠದ ದಿನ ಮೊದಲ ಸಾಲಿನಲ್ಲಿ ಕುಳಿತಿದ್ದವನು. "ನಮ್ಮ ಮುದೇನೂರ ಮೇಡಂ ನೋಡ್ಯಾರಲ್ಲವ್ವಾ," ಎನ್ನುತ್ತಿದ್ದ ಅವನು ಮುದ್ರಣದಲ್ಲಿ, ಸಣ್ಣಗೆ ನಕ್ಕು, ಸಮಾಧಾನದ ದನಿಯಲ್ಲಿ. "ಅವರು ಏನೂ ಇಲ್ಲ ಅಂದಮ್ಯಾಲ ಏನೂ ಇರಂಗಿಲ್ಲ."

ಐದನೆಯವರು ನಿದ್ದೆ ಬರಲೆಂದು ಒಂದು ಚುಚ್ಚುಮದ್ದು ಕೊಟ್ಟಿದ್ದರು. ಈ ಕಾಯಿಲೆಯಲ್ಲಿ ಕೊಡಲೇಬಾರದ ಮದ್ದು ಅದು. ಮೂರು ದಿನದ ನಂತರ ಹುಲಿಗೆಮ್ಮನ ಕಾಲುಗಳು ಬಲ ಕಳೆದುಕೊಂಡವು. ಆಮೇಲಿನ ಎರಡು ಕಡತಗಳು ಮಾನಸಿಕ ಚಿಕಿತ್ಸೆಯವು.

ಕೇಂದ್ರದಿಂದ ವಿಳಾಸ ಸಿಕ್ಕಿತು. ಕುಷ್ಟಗಿಯ ಹತ್ತಿರದ ಒಂದು ಹೋಬಳಿ ಊರಿನ ಬಸ್ ನಿಲ್ದಾಣ. ಸರ್ವಮಂಗಳಾ ಹೋದಾಗ ಮಧ್ಯಾಹ್ನ ಒಂದೂವರೆ. ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸು ಬಸ್ಸುಗಳ ಹೆಸರು ಹೇಳುತ್ತಿದ್ದಳು: ಇಳಕಲ್, ಹುನಗುಂದ, ಬಾಗಲಕೋಟೆ ಕಡೆ ಹೋಗುವವರು ಮೂರನೆಯ ಅಂಕಣಕ್ಕೆ ಬರ್ರಿ. ದನಿ ಸ್ಪಷ್ಟವಾಗಿತ್ತು. ಅದನ್ನು ಅವರು ಎರಡು ದಿನದ ಹಿಂದಷ್ಟೇ ಹೆಡ್‌ಫೋನಿನಲ್ಲಿ ಕೇಳಿದ್ದರು.

ವಿಚಾರಣಾ ಕೊಠಡಿಯ ಒಳಗೆ ಮೈಕಿನ ಮುಂದೆ ಹುಲಿಗೆಮ್ಮ ಕುಳಿತಿದ್ದಳು. ಮೂವತ್ತೈದು ವರ್ಷ. ಗೋಡೆಗೆ ಒರಗಿಸಿಟ್ಟ ವಾಕರ್. ಎಡಗೈ ಮಣಿಕಟ್ಟು ಸ್ವಲ್ಪ ಕೆಳಗೆ ಜೋತುಬಿದ್ದಿತ್ತು. ಕಾಲು ಹೋದ ಮೇಲೆ ಡಿಪೋದ ನೌಕರಿ ಹೋಗಿತ್ತು. ಈ ಕೆಲಸ ಗುತ್ತಿಗೆಯದು.

ಸರ್ವಮಂಗಳಾ ತಮ್ಮ ಹೆಸರು ಹೇಳಿದರು. ಹುಲಿಗೆಮ್ಮ ಎದ್ದೇಳಲಿಲ್ಲ.

"ಗುರುತು ಸಿಕ್ತ್ರಿ," ಎಂದಳು. "ಕೂಡ್ರಿ. ಎರಡು ಗಾಡಿ ಬರೂವು ಅದಾವ, ಹೇಳಿ ಮಾತಾಡ್ತೀನಿ."

ಎರಡು ಬಸ್ಸು ಬಂದು ಹೋದವು. ಸರ್ವಮಂಗಳಾ ಕಾದರು. ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿದರು: ಕಾಯಿಲೆಯ ಹೆಸರು, ಅದು ಹೇಗೆ ಬರುತ್ತದೆ, ಉಪವಾಸ ಅದನ್ನು ಹೇಗೆ ಹೆಚ್ಚಿಸಿತು, ಒಂದು ಸರಳ ಮೂತ್ರಪರೀಕ್ಷೆಯಿಂದ ಅದು ಹೇಗೆ ಗೊತ್ತಾಗುತ್ತಿತ್ತು, ಆ ಪರೀಕ್ಷೆಯನ್ನು ತಾವು ಯಾಕೆ ಮಾಡಿಸಲಿಲ್ಲ. ಕೊನೆಯದಕ್ಕೆ "ನೀವು ಹೇಳಿದ್ರಿ. ನಾನು ಕೇಳಲಿಲ್ಲ," ಎಂದಷ್ಟೇ ಅಂದರು.

ಹುಲಿಗೆಮ್ಮ ಹೆಸರನ್ನು ಇನ್ನೊಮ್ಮೆ ಹೇಳಿಸಿದಳು. ಟಿಕೆಟ್ ಚೀಟಿಯ ಹಿಂದೆ ಬಲಗೈಯಿಂದ ಬರೆದುಕೊಂಡಳು. ಪೋರ್ಫೈರಿಯಾ.

"ಅಂದ್ರ ನಾನು ಸುಳ್ಳು ಹೇಳಿದ್ದಿಲ್ಲ."

"ಇಲ್ಲ."

"ನಮ್ಮವ್ವ ಹೋಗಿ ಆರು ವರ್ಷ ಆತು," ಎಂದಳು ಹುಲಿಗೆಮ್ಮ. ಅವಳ ದನಿ ಬಸ್ಸಿನ ಹೆಸರು ಹೇಳಿದಷ್ಟೇ ಸಮವಾಗಿತ್ತು. "ಸಾಯೂತನಕಾ ಒಂದ ಮಾತು ಅಂತಿದ್ಲು. ಯಾಕವ್ವಾ ಹಿಂಗ ಸೋಗು ಹಾಕ್ತಿ, ಕೆಲಸಾ ಬ್ಯಾಡಂದ್ರ ಬ್ಯಾಡ ಅನ್ನು, ಹಾಸಗಿ ಯಾಕ ಹಿಡದಿ ಅಂತ. ಡಾಕ್ಟ್ರ ಬರದಾರಂತ, ಆಕಿ ಏನ್ ಮಾಡ್ಯಾಳು. ನಿಮ್ಮನ್ನ ನಂಬಿದ್ಲು."

ಸರ್ವಮಂಗಳಾ ಚಿಕಿತ್ಸೆಯ ವಿಷಯ ಹೇಳಿದರು. ಈಗ ಚುಚ್ಚುಮದ್ದು ಇದೆ. ಸರ್ಕಾರದ ವಿರಳ ಕಾಯಿಲೆಗಳ ಯೋಜನೆಯಲ್ಲಿ ಸಿಗುತ್ತದೆ. ಕಾಲು ಪೂರ್ತಿ ಬರಲಿಕ್ಕಿಲ್ಲ, ಆದರೆ ಇಷ್ಟೇ ಇರಬೇಕೆಂದೂ ಇಲ್ಲ. ಆಮೇಲೆ, ತಮ್ಮಿಂದ ಇನ್ನೇನಾಗಬೇಕು ಎಂದು ಕೇಳಿದರು. ಡಿಪೋಗೆ ಬಂದು ಎಲ್ಲರ ಮುಂದೆ ಹೇಳಲೂ ಸಿದ್ಧ ಎಂದರು.

"ಡಿಪೋದವರು ಡಾಕ್ಟ್ರು ಹೇಳಿದ್ದಕ್ಕ ನಕ್ರು," ಎಂದಳು ಹುಲಿಗೆಮ್ಮ. "ಅವರಿಗೇನ್ ಹೇಳ್ತೀರಿ? ಡಾಕ್ಟ್ರಿಗೆ ಹೇಳ್ರಿ. ನೀವು ಪಾಠ ಮಾಡಾವರಲ್ಲ? ನಾ ಮಾತಾಡಿದ್ದು ರೆಕಾರ್ಡ್ ಐತಿ ಅಂದ್ರಿ. ಅದನ್ನ ಹಚ್ಚಿ ತೋರಸ್ರಿ. ನಾನೂ ಬರ್ತೀನಿ."

ಬಿಳಿಗುಡ್ಡಕ್ಕೆ ವಾಪಸು ಬಂದ ವಾರದಲ್ಲೇ ಸುದ್ದಿ ಹರಡಿತು. ವೈದ್ಯರ ಸಂಘದ ಕಾರ್ಯದರ್ಶಿ ಮನೆಗೆ ಬಂದು, ಕೊಟ್ಟ ಚಹಾ ಆರಿದರೂ ಮುಟ್ಟದೆ, ಒಂದು ತಾಸು ಕುಳಿತರು. ಒಬ್ಬರು ಹೆಸರು ಬಿಚ್ಚಿದರೆ ನಾಳೆ ಎಲ್ಲರ ಹೆಸರೂ ಬಿಚ್ಚಬೇಕಾಗುತ್ತದೆ ಎಂದರು. ಕೋರ್ಟಿನಲ್ಲಿ ಒಂದು ವರ್ಷ ಹೋರಾಡಿ ಪಡೆದದ್ದು ಎಂದರು. ಮೇಡಂ, ನೀವು ಸಂತರಾಗಲಿಕ್ಕೆ ಹೋಗಿ ನಮ್ಮನ್ನು ಕಳ್ಳರನ್ನಾಗಿ ಮಾಡಬೇಡಿ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಪಕ್ಕದ ಜಿಲ್ಲೆಯಲ್ಲಿ ಇಂಥ ಪತ್ರವೊಂದು ಹೇಗೋ ಹೊರಬಿದ್ದು, ರೋಗಿಯ ಕಡೆಯವರು ವೈದ್ಯರೊಬ್ಬರ ದವಾಖಾನೆಯ ಗಾಜು ಒಡೆದಿದ್ದರು.

ಅವರು ಹೋದ ಮೇಲೆ ಶಂಭುಲಿಂಗಪ್ಪ ಕೇಳಿದರು. "ನೀ ಏನ್ ಮಾಡಾಕಿ?"

"ಹಚ್ಚಾಕಿ."

"ಹುಚ್ಚಿ," ಎಂದರು ಅವರು. ಸ್ವಲ್ಪ ಹೊತ್ತಿನ ಮೇಲೆ, "ಆಕೀಗೆ ಬರಾಕ ಗಾಡಿ ಕಳಸಬೇಕಲ್ಲ. ಮೆಟ್ಟಲಾ ಭಾಳ ಅದಾವ ಆ ಸಭಾಭವನಕ್ಕ," ಎಂದು ಹೇಳಿ ಫೋನು ಹುಡುಕತೊಡಗಿದರು.

ವಿರಳ ಕಾಯಿಲೆಗಳ ಜಾಗೃತಿ ಸಭೆ ಪ್ರತಿ ವರ್ಷ ಫೆಬ್ರವರಿಯ ಕೊನೆಯಲ್ಲಿ ನಡೆಯುತ್ತಿತ್ತು. ಹಾಜರಿಗೆ ಅಂಕ ಇದ್ದುದರಿಂದ ಜನ ಬರುತ್ತಿದ್ದರು, ಊಟವಾದ ಮೇಲೆ ಅರ್ಧ ಖಾಲಿಯಾಗುತ್ತಿತ್ತು. ಆ ಸಲ ಮುನ್ನೂರು ವೈದ್ಯರಿದ್ದರು. ಕಾರ್ಯಕ್ರಮ ಪಟ್ಟಿಯಲ್ಲಿ ಡಾ. ಮುದೇನೂರರ ಹೆಸರಿನ ಮುಂದೆ ಎಂದಿನಂತೆ 'ಪೋರ್ಫೈರಿಯಾ' ಎಂದೇ ಇತ್ತು.

ಅವರು ಚಿತ್ರ ಹಾಕಲಿಲ್ಲ. ದೀಪ ಆರಿಸಲೂ ಹೇಳಲಿಲ್ಲ. "ಒಂದು ತಪಾಸಣೆ ಕೇಳಸ್ತೀನಿ. ರೋಗ ಯಾವುದು ಅಂತ ಮೊದಲ ಹೇಳೀನಿ. ರೋಗಿ ಅದರ ಗುರುತು ಹೇಳಿದಾಗ ಕೈ ಎತ್ತರಿ, ಅಷ್ಟ," ಎಂದರು.

ಮುದ್ರಣ ಶುರುವಾಯಿತು. ಉಪವಾಸದ ಮಾತು ಬಂದಾಗ ಹತ್ತಾರು ಕೈಗಳು ಎದ್ದವು. ಅದನ್ನು ಗುರುತಿಸಿದ ಖುಷಿ ಮುಖಗಳ ಮೇಲಿತ್ತು. ಕುರ್ಚಿ ಸರಿದ ಸದ್ದು ಬಂದಾಗ ಕೆಲವರು ತಪಾಸಣೆ ಮುಗಿಯಿತೆಂದು ಪಕ್ಕದವರ ಕಡೆ ತಿರುಗಿದರು. ಯಾರೋ ನೀರಿನ ಬಾಟಲಿ ತೆರೆದರು. ಬಾಗಿಲ ಬಳಿಯ ಮಾತಿಗೆ ಎದ್ದ ಕೈಗಳು ಎಂಟು. ಮುನ್ನೂರರಲ್ಲಿ ಎಂಟು. ರೋಗ ಯಾವುದೆಂದು ಮೊದಲೇ ಹೇಳಿದ್ದರೂ.

"ಡಾಕ್ಟರ್ ಧ್ವನಿ ನನ್ನದು," ಎಂದರು ಸರ್ವಮಂಗಳಾ. "ಈ ರೋಗ ನನಗ ಗೊತ್ತಿದ್ದಿಲ್ಲ ಅನ್ನಂಗಿಲ್ಲ. ನಿಮ್ಮೊಳಗ ಭಾಳ ಮಂದಿಗೆ ಕಲಿಸಿದಾಕಿ ನಾನ. ಗೊತ್ತಿತ್ತು. ಆದ್ರ ಅದು ಚಿತ್ರದಾಗ ಬರತೈತಿ, ಬಾಟಲಿಯೊಳಗ ಬರತೈತಿ ಅಂತ ತಿಳಕೊಂಡಿದ್ದೆ. ನಾಚಿಕೊಂಡು, ಬಾಗಲಾ ಹಿಡಕೊಂಡು ನಿಂತು, ಸರ್ಟಿಫಿಕೇಟ್ ಕೇಳಿದಾಕಿ ಬಾಯಾಗ ಬರತೈತಿ ಅಂತ ತಿಳದಿದ್ದಿಲ್ಲ."

ಟಿಪ್ಪಣಿಯನ್ನೂ ಓದಿದರು. ಪ್ರಶ್ನಾರ್ಥಕ ಚಿಹ್ನೆ ಹೇಗೆ ಬಿದ್ದುಹೋಯಿತೆಂದು ಹೇಳಿದರು. ಮುಂದಿನ ಆರು ವೈದ್ಯರ ಹೆಸರು ಹೇಳಲಿಲ್ಲ. ಮಧ್ಯದ ಸಾಲಿನಿಂದ ಒಬ್ಬ ಗಂಡಸು ಎದ್ದು ಹೊರಗೆ ಹೋದ. ಗುರುಪಾದ ಅಂಗಡಿ. ಅವನು ಹೋದದ್ದನ್ನು ಅವರು ನೋಡಿದರು, ಮಾತು ಮುಂದುವರಿಸಿದರು.

ಪ್ರಶ್ನೆಗಳ ಸಮಯದಲ್ಲಿ, ಮುಂದಿನ ಸಾಲಿನಲ್ಲಿ ವಾಕರ್ ಇಟ್ಟುಕೊಂಡು ಕುಳಿತಿದ್ದ ಹುಲಿಗೆಮ್ಮನನ್ನು ಪರಿಚಯಿಸಿದರು. ಒಬ್ಬಿಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಹಿರಿಯ ಶಸ್ತ್ರವೈದ್ಯರೊಬ್ಬರು ಎದ್ದು ಮರ್ಯಾದೆಯಿಂದಲೇ ಕೇಳಿದರು. "ತಂಗೀ, ತಪ್ಪ ತಿಳಕೋಬ್ಯಾಡ್ರಿ. ಇಷ್ಟು ಮುಖ್ಯದ ಮಾತು, ಉಳಿದ ಡಾಕ್ಟರ್ ಮುಂದ ಯಾಕ ಮತ್ತ ಹೇಳಲಿಲ್ಲ ನೀವು?"

ಮೈಕು ಕೈಗೆ ಬಂದಾಗ ಹುಲಿಗೆಮ್ಮ ಅದನ್ನು ಬಾಯಿಂದ ಎಷ್ಟು ದೂರ ಹಿಡಿಯಬೇಕೋ ಅಷ್ಟೇ ದೂರ ಹಿಡಿದಳು. ಅದು ಅವಳ ಕಸುಬು.

"ಹೇಳೀನ್ರಿ. ಇವರಿಗೆ ಹೇಳಿದೆ, ಎರಡನೇದವರಿಗೆ ಹೇಳಿದೆ, ಮೂರನೇದವರಿಗೂ ಹೇಳಿದೆ. ನಾಕನೇದವರು ನಕ್ರು. ಮುಂದ ಹೇಳಲಿಲ್ಲ. ಕೆಂಪಗ ಕಂಡ್ರೂ ನೀರು ಹಾಕಿ ತೊಳದುಬಿಡತಿದ್ದೆ. ಅಷ್ಟೊತ್ತಿಗೆ ನನಗೂ ಅದು ಸುಳ್ಳ ಇರಬೇಕು ಅನಿಸಾಕತ್ತಿತ್ತು."

ಶಸ್ತ್ರವೈದ್ಯರು ನಿಂತೇ ಇದ್ದರು. ಕುಳಿತುಕೊಳ್ಳಲು ಅವರಿಗೆ ಸ್ವಲ್ಪ ಸಮಯ ಹಿಡಿಯಿತು. ಆ ದಿನ ಊಟವಾದ ಮೇಲೂ ಸಭಾಭವನ ತುಂಬಿತ್ತು ಎಂದು ವರದಿಯಲ್ಲಿ ಬರೆದರು. ಅದು ನಿಜ.

ಮುಂದಿನ ತಿಂಗಳುಗಳಲ್ಲಿ ಆದದ್ದು ಎಲ್ಲವೂ ಒಳ್ಳೆಯದೇನಲ್ಲ. 'ನಾನೇ ತಿಳಿಸುತ್ತೇನೆ' ಎಂದು ಒತ್ತಿದವರು ನೂರಕ್ಕೆ ಮೂರರಿಂದ ಹದಿನಾಲ್ಕಕ್ಕೆ ಏರಿದರು. ಇಬ್ಬರು ವೈದ್ಯರು ವೃತ್ತಿ ಬಿಟ್ಟರು. ಬಿಳಿಗುಡ್ಡದ ಸುತ್ತಿನ ಆಸ್ಪತ್ರೆಗಳಲ್ಲಿ ರೋಗಿ ಎದ್ದು ನಿಂತಾಗ "ಮತ್ತೇನರ ಹೇಳೂದು ಐತೇನು?" ಎಂದು ಕೇಳುವ ರೂಢಿ ಬಂತು. ಅದರಿಂದ ಪಾಳಿ ಉದ್ದವಾಯಿತು, ಬಿಸಿಲಲ್ಲಿ ನಿಂತವರು ಬೈದರು, ಆಸ್ಪತ್ರೆಯ ಆಡಳಿತದವರು ದಿನಕ್ಕೆ ನೋಡಿದ ರೋಗಿಗಳ ಸಂಖ್ಯೆ ಇಳಿದಿದೆಯೆಂದು ಸರ್ವಮಂಗಳಾ ಅವರಿಗೆ ನೋಟಿಸು ಕೊಟ್ಟರು. ಅವರು ಉತ್ತರ ಬರೆದರು. ಇನ್ನೊಂದು ನೋಟಿಸು ಬಂತು.

ಹುಲಿಗೆಮ್ಮನ ಮೂತ್ರಪರೀಕ್ಷೆ ಕಾಯಿಲೆಯನ್ನು ಖಚಿತಪಡಿಸಿತು. ಚುಚ್ಚುಮದ್ದಿನ ಏಳನೆಯ ತಿಂಗಳಲ್ಲಿ ಅವಳು ವಾಕರ್ ಬಿಟ್ಟು ಕೋಲು ಹಿಡಿದಳು. ಎಡಗೈ ಹಾಗೇ ಉಳಿಯಿತು. ಕಡತದಲ್ಲಿನ ಆ ಪದವನ್ನು ಅಳಿಸಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಅದರ ಮೇಲೆ ಇನ್ನೊಂದು ಸಾಲು ಸೇರಿಸಲು ಮಾತ್ರ ಅನುಮತಿ ಸಿಕ್ಕಿತು. ಆ ಸಾಲನ್ನು ಸರ್ವಮಂಗಳಾ ಬರೆದರು, ಹುಲಿಗೆಮ್ಮ ಓದಿ ತಿದ್ದಿದಳು. 'ರೋಗಿ ಮೊದಲ ದಿನವೇ ಸರಿಯಾಗಿ ಹೇಳಿದ್ದರು.' ಕ್ಷಮಿಸಿದ್ದೇನೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ಇವರೂ ಕೇಳಲಿಲ್ಲ. ತಿಂಗಳಿಗೊಮ್ಮೆ ಚುಚ್ಚುಮದ್ದಿಗೆ ಬಂದಾಗ ಇಬ್ಬರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಿದ್ದರು. ಹುಲಿಗೆಮ್ಮ ಮಂಗಳವಾರದ ಒಪ್ಪತ್ತು ಬಿಟ್ಟಿದ್ದಳು. ದೇವಿ ಸಿಟ್ಟಾದರೆ ನಿಮ್ಮ ಹೆಸರು ಹೇಳ್ತೀನಿ ಎಂದು ಒಮ್ಮೆ ಅಂದಳು. ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಗುರುಪಾದನ ಫೋನು ಬಂತು. ಸಭೆಯಿಂದ ಎದ್ದು ಹೋದ ಮೇಲೆ ಅವನು ಮಾತನಾಡಿದ್ದು ಅದೇ ಮೊದಲು. ಈಗ ಅವನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿದ್ದ.

"ಮೇಡಂ, ಒಬ್ಬಾಕಿ ಬಂದಾಳ್ರಿ. ಇಟ್ಟಂಗಿ ಭಟ್ಟಿಯೊಳಗ ಕೆಲಸಾ ಮಾಡಾಕಿ. ಹೊಟ್ಟಿ ಬ್ಯಾನಿ, ಮೂರನೇ ಸಲಾ. ಸ್ಕ್ಯಾನ್ ಸರಿ ಐತಿ. ಇಬ್ಬರು 'ಏನೂ ಇಲ್ಲ' ಅಂತ ಬರದಾರ. ನನಗ ಖಾತ್ರಿ ಅನಿಸ್ತು. ಪೋರ್ಫೈರಿಯಾ ಪರೀಕ್ಷಾ ಕಳಿಸಿದೆ." ಅವನು ಉಸಿರು ತೆಗೆದುಕೊಂಡ. "ಇಲ್ಲ ಅಂತ ಬಂದೈತ್ರಿ. ಎರಡು ಸಲಾ ಕಳಿಸಿದೆ. ಇಲ್ಲ."

"ಹಂಗಾರ ಅದಲ್ಲ."

"ಮತ್ತ ಏನ್ರಿ?"

"ನನಗೇನ್ ಗೊತ್ತು, ಗುರುಪಾದ? ನಾ ಆಕೀನ್ನ ನೋಡಿಲ್ಲ. ಆಕಿ ಏನಂತಾಳ?"

"ಆಕಿ... ಪರೀಕ್ಷಾ ಏನ್ ಬಂತು ಅಂತ ಕೇಳಾಕ ಕುಂತಾಳ್ರಿ. ಇಲ್ಲೇ ಅದಾಳ."

"ಪರೀಕ್ಷಾ ಬಿಡು. ಆಕೀನ್ನ ಕೇಳು. ಮೊದಲಿಂದ. ಬ್ಯಾನಿ ಬರೂಕಿಂತ ಮೊದಲಿನ ದಿನದಿಂದ. ನಡುವ ಬಾಯಿ ಹಾಕಬ್ಯಾಡ."

"ನೀವೂ ಕೇಳ್ತೀರೇನ್ರಿ? ಆಕೀಗೆ ಹೇಳಿ ಫೋನ್ ಮೇಜಿನ ಮ್ಯಾಲ ಇಡ್ತೀನಿ."

"ಇಡು."

ಗುರುಪಾದ ಆ ಹೆಂಗಸಿಗೆ ಏನೋ ವಿವರಿಸಿದ್ದು ಕೇಳಿಸಿತು. ಅವಳು ಹೂಂ ಎಂದಳು. ಫೋನು ಮೇಜಿಗೆ ತಾಗಿದ ಸದ್ದಾಯಿತು. ಸರ್ವಮಂಗಳಾ ಅವರ ಎದುರು ಬಾಗಿಲಲ್ಲಿ ಹದಿನೇಳನೆಯ ಚೀಟಿಯವರು ಇಣುಕಿದರು. ಅವರು ಕೈಸನ್ನೆಯಿಂದ ಕೂತಿರಲು ಹೇಳಿದರು.

"ಹೇಳವ್ವಾ," ಎಂದ ಗುರುಪಾದ.

ಆಮೇಲೆ ಹೆಂಗಸು ಕೆಮ್ಮಿದಳು. "ಎಲ್ಲಿಂದ ಹೇಳ್ಲಿರಿ?" ಎಂದು ಕೇಳಿದಳು. ಗುರುಪಾದ ಉತ್ತರಿಸಲಿಲ್ಲ. ಒಂಬತ್ತು ಸೆಕೆಂಡು ಕಳೆಯಿತು, ಇಪ್ಪತ್ತು ಕಳೆಯಿತು. ಅವಳು ತನ್ನ ಊರಿನ ಹೆಸರಿನಿಂದ ಶುರುಮಾಡಿದಳು, ಭಟ್ಟಿಗೆ ಬಂದ ವರ್ಷ ಹೇಳಿದಳು, ಸತ್ತ ಅಕ್ಕನ ಸುದ್ದಿ ತೆಗೆದಳು, ಅಕ್ಕನಿಗೂ ಹಿಂಗ ಆಗತಿತ್ತು ಎಂದಳು. ಸರ್ವಮಂಗಳಾ ಕಾಗದ ಎಳೆದುಕೊಂಡು ಅವಳ ಮಾತನ್ನು ಅವಳು ಹೇಳಿದ ಹಾಗೇ ಬರೆದುಕೊಳ್ಳತೊಡಗಿದರು.